ಹಿಂದಿನ ಕೋಣೆಯ ತೊಲೆ

ಗುತ್ತಿಗೆದಾರರ ಮೂರು ಕೊಟೇಶನ್ನುಗಳು ಮೇಜಿಗೆ ಬಂದರೆ ನಾನು ಮೊದಲು ಮೊತ್ತ ನೋಡುತ್ತಿರಲಿಲ್ಲ, ಯಾರು ಏನನ್ನು ಬರೆದಿಲ್ಲ ಎಂದು ಹುಡುಕುತ್ತಿದ್ದೆ. ಒಬ್ಬ ಕೆಲಸಗಾರರು ನಿಲ್ಲುವ ಅಟ್ಟಣಿಗೆ ಕಟ್ಟುವ ಖರ್ಚನ್ನು ಮರೆತಿರುತ್ತಾನೆ, ಇನ್ನೊಬ್ಬ ಒಡೆದ ಕಲ್ಲುಮಣ್ಣು ಸಾಗಿಸುವ ಗಾಡಿಯನ್ನು ಮರೆತಿರುತ್ತಾನೆ. ಇಂಥ ಮರೆವನ್ನು ನಾನು ಯಾವತ್ತೂ ನಂಬಿದವನಲ್ಲ. ಕೆಲಸ ಅರ್ಧಕ್ಕೆ ಬಂದು ಮನೆಯ ಹೆಂಚೆಲ್ಲ ಕೆಳಗಿಳಿದಾಗ ಅವರಿಗೆ ತಾನಾಗಿ ನೆನಪಾಗುತ್ತದೆ, ಆಗ ಯಜಮಾನ ಕೇಳಿದಷ್ಟು ಕೊಡುತ್ತಾನೆ. ಹೀಗೆ ಎಲ್ಲರನ್ನೂ ಅನುಮಾನಿಸುವುದಕ್ಕೆಂದೇ ಮುಂಬಯಿಯ ಫೋರ್ಟಿನ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನನಗೆ ಸಂಬಳ ಕೊಡುತ್ತಿದ್ದರು. ಮನೆಗೆ ಬಂದ ಮೇಲೂ ನಾನು ಹಾಲಿನವನ ಅಳತೆಯ ಮೇಲೆ ಕಣ್ಣಿಟ್ಟಿರುತ್ತೇನೆ ಎಂದು ಹೆಂಡತಿ ಗೊಣಗುತ್ತಿದ್ದಳು.

ವಿಲೆ ಪಾರ್ಲೆಯ ಮನೆಯ ರಿಪೇರಿ ಕೆಲಸ ನನ್ನ ಪಾಲಿಗೆ ಬಂದದ್ದು ಭಾಷೆಯ ದೆಸೆಯಿಂದ. ನಮ್ಮ ಸಾಹೇಬರು ಫೈಲನ್ನು ನನ್ನ ಕಡೆ ತಳ್ಳಿ, "ಯೇ ತುಮ್ಹಾರೇ ಮುಲ್ಕ್‌ವಾಲೇ ಹೈಂ, ತುಮ್ ಸಂಭಾಲೋ" ಎಂದರು, ನಿನ್ನ ನಾಡಿನವರನ್ನು ನೀನೇ ನೋಡಿಕೋ ಎಂಬಂತೆ. ಮನೆಯವರು ಧಾರವಾಡದ ಕಡೆಯವರು, ನಾನು ಮೈಸೂರಿನವನು. ಆಗಿನ್ನೂ ಧಾರವಾಡ ಮುಂಬಯಿ ರಾಜ್ಯದಲ್ಲೇ ಇತ್ತು. ನಮ್ಮಿಬ್ಬರದೂ ಒಂದೇ ಮುಲ್ಕು ಎಂದು ಸಾಹೇಬರಿಗೆ ಅನ್ನಿಸಿದ್ದರೆ ಅದು ಅವರ ಔದಾರ್ಯ. ನಮಗಿಬ್ಬರಿಗೂ ಹಾಗೆ ಅನ್ನಿಸಿರಲಿಲ್ಲ. ಯಜಮಾನರು ನನ್ನ ಮಾತು ಕೇಳಿದ ಕೂಡಲೇ, "ಓ, ನೀವು ಮೈಸೂರು ಕಡ್ಯಾವ್ರೇನು" ಎಂದು ಒಂದು ಹೆಜ್ಜೆ ಹಿಂದಕ್ಕೆ ಸರಿದಂತೆ ಕುರ್ಚಿಗೆ ಒರಗಿದರು.

ಅವರಿಗೆ ಗಿರಗಾಂವಿನಲ್ಲಿ ಬಟ್ಟೆಯ ಅಂಗಡಿ. ಮನೆಯಲ್ಲಿ ಅವರು, ಅವರ ಹೆಂಡತಿ, ಸೊಸೆ. ಮಗ ಯಾವುದೋ ಮಿಲ್ಲಿನ ಕೆಲಸದ ಮೇಲೆ ಅಹಮದಾಬಾದಿನಲ್ಲಿದ್ದ. ಮನೆ ಎರಡು ಅಂತಸ್ತಿನದು, ಮೇಲೆ ಮಂಗಳೂರು ಹೆಂಚು. ಮೇಲಂತಸ್ತನ್ನು ಹೊತ್ತದ್ದು ಒಂದೇ ಒಂದು ದೊಡ್ಡ ಸಾಗವಾನಿ ತೊಲೆ. ಅದು ಮುಂದಿನ ಪಡಸಾಲೆಯ ಮೇಲಿಂದ ಹಾದು ಹಿಂದಿನ ಕೋಣೆಯ ಗೋಡೆಯಲ್ಲಿ ಹೋಗಿ ಕೂತಿತ್ತು. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ, ಅದರ ಮೇಲೆ ಭಾರ ಇರಲಿಲ್ಲ. ಹಿಂದಿನ ಕೋಣೆಯ ನೇರ ಮೇಲೆ ಬಚ್ಚಲು. ಬಚ್ಚಲು ಸೋರಿ ಸೋರಿ ಗೋಡೆ ನೆನೆದಿತ್ತು. ಏಣಿ ಹತ್ತಿ, ತೊಲೆ ಗೋಡೆಗೆ ಸೇರುವಲ್ಲಿ ಚೂರಿ ಒತ್ತಿ ನೋಡಿದೆ. ಬೆಣ್ಣೆಯೊಳಗೆ ಹೋದಂತೆ ಹೋಯಿತು. ಆಗ ಆ ಕೋಣೆಯಲ್ಲಿ ಬಟ್ಟೆಯ ಖಾಲಿ ಪೆಟ್ಟಿಗೆಗಳು ಬಿಟ್ಟರೆ ಬೇರೇನೂ ಇರಲಿಲ್ಲ.

"ಬಚ್ಚಲ ನೆಲ ಹೊಸದು ಮಾಡ್ಬೇಕು, ತೊಲೇನೂ ಬದಲಾಯಿಸ್ಬೇಕು," ಎಂದೆ. "ಅದೂ ಮಳೆ ಹಿಡಿಯೋಕೆ ಮುಂಚೆ. ಗೋಡೆ ಇನ್ನೊಂದು ಮಳೆಗಾಲ ನೆನೆದರೆ ತೊಲೆ ಜಾರುತ್ತೆ."

"ಮಾಡಸೋಣಲ್ರಿ. ನೀವು ಹೇಳಿದ್ರ ಮುಗೀತು," ಎಂದರು. ಇಷ್ಟು ಬೇಗ ಒಪ್ಪಿಕೊಂಡವರನ್ನು ನಾನು ಸಾಮಾನ್ಯವಾಗಿ ಗುರುತು ಹಾಕಿಟ್ಟುಕೊಳ್ಳುತ್ತೇನೆ.

ಮೂವರು ಗುತ್ತಿಗೆದಾರರು ಬಂದು ನೋಡಿಹೋದರು. ಒಬ್ಬ ಭಾಂಡುಪಿನವನು, ಒಬ್ಬ ದಾದರಿನವನು, ಮೂರನೆಯವನು ವಿಜಾಪುರದಿಂದ ಬಂದು ಕುರ್ಲಾದಲ್ಲಿ ನೆಲೆಸಿದವನು. ದೊಡ್ಡ ಹಾಳೆಯ ಮೇಲೆ ಗೆರೆ ಹಾಕಿ, ಎಡಕ್ಕೆ ಕೆಲಸದ ಬಾಬುಗಳನ್ನು ಬರೆದು, ಮೂವರ ದರಗಳನ್ನು ಅಕ್ಕಪಕ್ಕ ತುಂಬಲು ಕೂತೆ. ದಾದರಿನವನದು ತುಂಬಲು ಬರಲೇ ಇಲ್ಲ. ಅವನು ಒಂದೇ ಸಾಲಿನಲ್ಲಿ ಎಲ್ಲ ಸೇರಿ ಇಷ್ಟು ಎಂದು ಬರೆದಿದ್ದ. ಬಿಡಿಸಿ ಕೊಡಿ ಎಂದರೆ, "ಆಮಚಾ ಭರೋಸಾ ನಾಹೀ ಕಾ?" ಎಂದು ಮುನಿಸಿಕೊಂಡ. ನಂಬಿಕೆ ಇಲ್ಲ ಎಂದು ಹೇಳಿ ಕಳಿಸಿದೆ.

ಭಾಂಡುಪಿನವನ ದರ ಎಲ್ಲದರಲ್ಲೂ ಕಡಿಮೆ. ಅದೇ ನನಗೆ ಮುಳ್ಳಾಯಿತು. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ ಅದು. ಸರ್ಕಾರ ಮನೆ ಯಜಮಾನನ ಹೆಸರಿಗೆ ಇಂತಿಷ್ಟು ಚೀಲ ಎಂದು ಬರೆದುಕೊಟ್ಟರೆ ಮಾತ್ರ ಡಿಪೋದಲ್ಲಿ ಮಾಲು ಸಿಗುತ್ತಿತ್ತು, ಹೊರಗೆ ಅದೇ ಚೀಲಕ್ಕೆ ಬೇರೆಯೇ ಬೆಲೆ. ಆ ಮನೆಯ ಗೋಡೆಗಳೆಲ್ಲ ಹಳೆಯ ಸುಣ್ಣದ ಗಾರೆಯವು, ಅವಕ್ಕೆ ಸುಣ್ಣವೇ ಒಗ್ಗುವುದು. ಸಿಮೆಂಟು ಬೇಕಾದದ್ದು ಬಚ್ಚಲ ನೆಲಕ್ಕೆ, ಮತ್ತು ತೊಲೆ ಕೂರುವ ಗೋಡೆಯ ತಲೆಗೆ. ಇವನು ಮಾತ್ರ ಹೊಸ ಮನೆ ಕಟ್ಟುವಷ್ಟು ಚೀಲ ಕೇಳಿದ್ದ. ಮೇಲಾಗಿ, ಪರ್ಮಿಟ್ಟನ್ನು ತನ್ನ ಕೈಗೆ ಕೊಟ್ಟುಬಿಡಿ, ಡಿಪೋದಿಂದ ಮಾಲು ಎತ್ತುವ ತೊಂದರೆ ನಿಮಗೇಕೆ ಎಂದಿದ್ದ. ನಮ್ಮ ತೊಂದರೆಯ ಬಗ್ಗೆ ಅವನಿಗಿದ್ದ ಕಾಳಜಿ ನೋಡಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಉಳಿದವನು ವಿಜಾಪುರದವನು. ಅವನ ದರ ಹೆಚ್ಚು, ಆದರೆ ಅಟ್ಟಣಿಗೆ, ಗಾಡಿ, ಎಲ್ಲ ಬರೆದಿದ್ದ. ಭಾಂಡುಪಿನವನ ಕೊಟೇಶನ್ನಿಗೆ ಅವನು ಬಿಟ್ಟದ್ದನ್ನು ಸೇರಿಸಿ ನೋಡಿದರೆ ಇವನೇನೂ ದುಬಾರಿಯಲ್ಲ. ಆದರೂ ಬಿಡಲಿಲ್ಲ, ಕರೆಸಿ ಒಂದೊಂದಾಗಿ ಕೇಳಿದೆ. ಅವನು ಬೇಸರವಿಲ್ಲದೆ ಉತ್ತರ ಹೇಳಿ, ಕೊನೆಗೆ, "ಸಾಬ್ರ, ನನ್ನ ಲಗ್ನದಾಗ ಹೆಣ್ಣಿನ ಕಡ್ಯಾವ್ರೂ ಇಷ್ಟು ಕೇಳಿದ್ದಿಲ್ರೀ" ಎಂದು ನಕ್ಕ. ಕೆಲಸ ಅವನಿಗೇ ಎಂದು ಬರೆದೆ.

ಮುನಿಸಿಪಾಲಿಟಿಯ ಪರವಾನಗಿ ಇನ್ನೊಂದು ಪುರಾಣ. ಬಚ್ಚಲನ್ನು ಒಂದಿಷ್ಟು ಅಗಲಿಸಿದರೂ ಅದು ರಿಪೇರಿಯಲ್ಲ, ಹೊಸ ಕಟ್ಟಡ ಎನ್ನುತ್ತಿದ್ದರು ವಾರ್ಡ್ ಆಫೀಸಿನವರು. ಇದ್ದ ಗೋಡೆಯ ಮೇಲೆಯೇ ಇದ್ದಷ್ಟೇ ಅಳತೆ ತೋರಿಸಿ ನಕ್ಷೆ ಬರೆದೆ. ಅದನ್ನು ಒಬ್ಬ ಗುಮಾಸ್ತ ತಿರುಗಿಸಿ, ಇನ್ನೊಬ್ಬ ಇಟ್ಟುಕೊಂಡು, ಮೂರನೆಯವನು ಕಳೆದುಹೋಗಿದೆ ಎಂದ. ಮತ್ತೆ ಬರೆದುಕೊಟ್ಟೆ. ಸಿಮೆಂಟಿನ ಕಚೇರಿಯಲ್ಲಿ ಕೇಳಿದ್ದರಲ್ಲಿ ಅರ್ಧ ಕಡಿದು, ಅದೂ ನಮ್ಮ ಸಾಹೇಬರು ತಮ್ಮ ಪರಿಚಯ ಹಿಡಿದು ಹೇಳಿಸಿದ ಮೇಲೆ, ಪರ್ಮಿಟ್ ಕೊಟ್ಟರು. ಅದಕ್ಕೊಂದು ವಾಯಿದೆ ಇತ್ತು. ಅಷ್ಟರೊಳಗೆ ಮಾಲು ಎತ್ತದಿದ್ದರೆ ಕಾಗದ ರದ್ದು, ಮತ್ತೆ ಮೊದಲಿನಿಂದ ಎಲ್ಲವೂ. ಪರ್ಮಿಟ್ಟನ್ನು ನಾನೇ ಒಯ್ದು ಯಜಮಾನರ ಕೈಗಿಟ್ಟೆ.

ಅಲ್ಲಿಂದ ಮನೆಯವರ ವರಸೆ ಬದಲಾಯಿತು. ಕೆಲಸ ಶುರು ಮಾಡೋಣವೇ ಎಂದರೆ, "ಅಮಾಸಿ ಆಗ್ಲಿ ತಡ್ರಿ" ಎಂದರು. ಅಮಾವಾಸ್ಯೆ ಕಳೆದ ಮೇಲೆ, "ಮಗ ಒಂದು ಪತ್ರ ಹಾಕ್ಲಿ." ಆಮೇಲೆ, "ಮುಂದಿನ ವಾರ ಬರ್ರಲಾ." ಮನೆಗೆ ಹೋದರೆ ಯಜಮಾನಿ ಪಡಸಾಲೆಯ ಬಾಗಿಲಲ್ಲೇ ನಿಂತು ಮಾತು ಮುಗಿಸುತ್ತಿದ್ದರು. ಹಿಂದಿನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ತೊಲೆಯ ಅಳತೆ ಇನ್ನೊಮ್ಮೆ ತೆಗೆದುಕೊಳ್ಳುತ್ತೇನೆ ಎಂದೆ. "ಈಗ ಆಗೂದಿಲ್ಲ" ಎಂದರು. ಯಾಕೆ ಎಂದರೆ, "ಆಗೂದಿಲ್ಲ ಅಂದ್ರ ಆಗೂದಿಲ್ಲ" ಎಂದರು.

ಒಂದು ಸಂಜೆ ಪಾರ್ಲೆ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಿದ್ದಾಗ ಭಾಂಡುಪಿನವನು ಎದುರಾದ. ಕೆಲಸ ತಪ್ಪಿದ ಸಿಟ್ಟು ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. "ಕ್ಯಾ ಸಾಬ್, ಪಾರ್ಲೇ ಕಾ ಕಾಮ್ ಶುರೂ ಹುವಾ?" ಎಂದ. ಇಲ್ಲ ಎಂದೆ. ಬೀಡಿಯ ಬೂದಿ ಕೊಡವುತ್ತ, "ಪರ್ಮಿಟ್ ನಿಕಲಾ, ಕಾಮ್ ನಹೀಂ ನಿಕಲಾ. ಫಿರ್ ಮಾಲ್ ಕಿಧರ್ ಗಯಾ?" ಎಂದು, ಕೆಲಸವಿಲ್ಲದೆ ಸಿಮೆಂಟು ಎಲ್ಲಿ ಹೋಯಿತೆಂಬಂತೆ ಕಣ್ಣು ಮಿಟುಕಿಸಿ ಗಾಡಿ ಹತ್ತಿದ. ಅವನ ಮಾತು ನಂಬತಕ್ಕದ್ದಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅದು ಕಿವಿಯಲ್ಲಿ ಹೊಕ್ಕ ನೀರಿನಂತೆ ಮನೆಯವರೆಗೂ ಗುಂಯ್‌ಗುಟ್ಟಿತು. ಅಂಗಡಿಯವರು, ಲಾಭ ಬಲ್ಲವರು. ಹಿಂದಿನ ಕೋಣೆ ಮುಚ್ಚಿದೆ. ಮಾಲು ಎತ್ತಿ ಅಲ್ಲಿ ಇಟ್ಟುಕೊಂಡು ಚೀಲ ಚೀಲವಾಗಿ ಮಾರುತ್ತಿದ್ದರೆ? ಸಿಕ್ಕಿಬಿದ್ದರೆ ನಮ್ಮ ಆಫೀಸಿನ ಹೆಸರು ಹೋಗುತ್ತದೆ, ಅರ್ಜಿ ಬರೆದ ನನ್ನ ಕೆಲಸವೂ ಹೋಗುತ್ತದೆ.

ಮುಂದಿನ ಸಲ ಹೋದಾಗ ಕಣ್ಣಾರೆ ಕಂಡೆ. ಯಜಮಾನಿ ಹಿಂದಿನ ಕೋಣೆಯಿಂದ ಮೊರ ಹಿಡಿದು ಹೊರಗೆ ಬಂದರು. ಮೊರದಲ್ಲಿ ಬೂದಿ ಬಣ್ಣದ ನಯವಾದ ಪುಡಿ. ನನ್ನನ್ನು ನೋಡಿದ್ದೇ ತಡ, ಮೊರಕ್ಕೆ ಸೆರಗು ಮುಚ್ಚಿ ಹಿತ್ತಲ ಕಡೆ ನಡೆದುಬಿಟ್ಟರು. ನನಗಿನ್ನೇನು ಬೇಕಿತ್ತು?

ಸಾಹೇಬರಿಗೆ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟು, ವಾಯಿದೆ ಮುಗಿಯಲು ಬಂತು, ನಾಳೆಯೇ ಗುತ್ತಿಗೆದಾರನನ್ನು ಕರೆದುಕೊಂಡು ಹೋಗಿ ಕೆಲಸ ಶುರು ಮಾಡಿಸು, ಒಪ್ಪದಿದ್ದರೆ ಪರ್ಮಿಟ್ ವಾಪಸು ತಾ ಎಂದರು. "ದೋನೋಂ ನಹೀಂ ಹುವಾ ತೋ ತುಮ್ ಭೀ ವಾಪಸ್ ಮತ್ ಆನಾ" ಎಂದು ಸೇರಿಸಿದರು. ಎರಡೂ ಆಗದಿದ್ದರೆ ನೀನೂ ಬರಬೇಡ ಎಂದದ್ದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ವಿಜಾಪುರದವನೊಂದಿಗೆ ಹೋದೆ. ಬೇಸಗೆಯ ಕೊನೆ, ಆಕಾಶದಲ್ಲಿ ಆಗಲೇ ಮೋಡ ಕಟ್ಟತೊಡಗಿತ್ತು. ಯಜಮಾನರು ಅದೇ ರಾಗ ತೆಗೆದರು.

"ಇನ್ನೊಂದೀಟು ದಿವಸ ತಡ್ರಿ."

"ತಡೆಯೋಕೆ ಆಗಲ್ಲ ಸ್ವಾಮಿ. ಪರ್ಮಿಟ್ ಏನ್ಮಾಡಿದ್ದೀರಿ?"

"ಮನ್ಯಾಗ ಅದ ಅಲ್ರಿ. ಎಲ್ಲಿ ಹೋಗ್ತದ?"

"ಸಿಮೆಂಟ್ ಎತ್ತಿದ್ದೀರಾ?"

"ನಾ ಯಾಕ ಎತ್ಲಿ?"

"ಹಾಗಾದ್ರೆ ಹಿಂದಿನ ಕೋಣೇಲಿ ಏನಿದೆ? ಬಾಗಿಲು ತೆಗೀರಿ, ನೋಡ್ತೀನಿ."

ಯಜಮಾನರ ಮುಖ ಕೆಂಪಾಯಿತು. ಒಳಗಿನಿಂದ ಯಜಮಾನಿ ಬಂದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕಳ್ಳತನಾ ಹಚ್ತೀರಿ? ನಮ್ಮ ಮ್ಯಾಲ? ಬರ್ರಿ, ಬಂದು ಎಣಿಸ್ರಿ ನಿಮ್ಮ ಚೀಲಾ" ಎಂದು ಹೋಗಿ ಕೋಣೆಯ ಬಾಗಿಲನ್ನು ದಡಾರನೆ ತೆರೆದರು.

ಒಳಗೆ ಒಂದು ಮಂಚ. ಮಂಚದ ಮೇಲೆ ಮಲಗಿದ್ದ ಸೊಸೆ ಗಾಬರಿಯಾಗಿ ಎದ್ದು ಸೆರಗು ಸರಿಪಡಿಸಿಕೊಂಡಳು. ಪಕ್ಕದಲ್ಲಿ ನೀರಿನ ತಂಬಿಗೆ, ಒಂದು ತಟ್ಟೆಯಲ್ಲಿ ಹೆಚ್ಚಿದ ಮಾವಿನಕಾಯಿ. ಅಷ್ಟೇ. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ವಿಜಾಪುರದವನು ಆಗಲೇ ಬೆನ್ನು ತಿರುಗಿಸಿ ಪಡಸಾಲೆಗೆ ಹೋಗಿದ್ದ.

"ಎರಡು ಹೋಗ್ಯಾವ," ಎಂದರು ಯಜಮಾನಿ. ದನಿ ಇಳಿದಿತ್ತು. "ಇದು ಮೂರನೇದು. ಮೆಟ್ಟಿಲಾ ಹತ್ತಬ್ಯಾಡ, ಗಾಡಿ ಪ್ರಯಾಣ ಬ್ಯಾಡ ಅಂದಾರ ಡಾಕ್ಟರ್ ಬಾಯಾರು. ಅದಕ್ಕ ಮ್ಯಾಲಿಂದ ಇಲ್ಲಿಗೆ ತಂದು ಮಲಗಿಸೇವಿ. ತಿಂಗಳಾ ತುಂಬೂತನಾ ಯಾರಿಗೂ ಹೇಳಬಾರದು. ಬಸುರಿ ಇದ್ದ ಮನಿಯೊಳಗ ಒಡಿಯೂದು, ಕಡಿಯೂದು, ಮೊಳಿ ಹೊಡಿಯೂದು ಮಾಡಬಾರದು. ಹ್ವಾದ ಸಲ ಮ್ಯಾಲ ಒಂದು ಕಿಡಕಿ ಕೂಡಿಸಿದ್ವಿ. ಎಂಟು ದಿನಕ್ಕ ಹೋತು. ನಿಮಗ ಇದೆಲ್ಲಾ ಹ್ಯಾಂಗ ಹೇಳೂದು, ನೀವು ಗಂಡಸರು, ಬ್ಯಾರೆ ಕಡ್ಯಾವ್ರು."

ನಾನು ಕೈ ಮುಗಿದೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತೆ. ಮಂಚದ ಹಾಸಿಗೆಯ ಮೇಲೆ, ಅವಳ ದಿಂಬಿನ ಪಕ್ಕದಲ್ಲಿ, ಅದೇ ಬೂದಿ ಬಣ್ಣದ ಪುಡಿ ಬಿದ್ದಿತ್ತು. ಬೆರಳಲ್ಲಿ ತಿಕ್ಕಿ ನೋಡಿದೆ. ಗೋಡೆಯ ಸುಣ್ಣ, ಅದರೊಂದಿಗೆ ಲಡ್ಡಾದ ಮರದ ಹೊಟ್ಟು. ತಲೆಯೆತ್ತಿದರೆ ಮಂಚದ ನೇರ ಮೇಲೆ ತೊಲೆಯ ತುದಿ. ಮೊದಲು ನೋಡಿದಾಗ ಗೋಡೆಗೆ ಅಂಟಿಕೊಂಡಿದ್ದ ತುದಿ ಈಗ ಒಂದು ಬೆರಳು ಹೊರಗೆ ಸರಿದು ಕೆಳಗೆ ಕೂತಿತ್ತು. ಚೂರಿ ಒತ್ತಿ ನೋಡಿದ ಜಾಗದ ಕೆಳಗೆ ಇಷ್ಟು ದಿನ ಒಂದು ಹೆಣ್ಣು ಮಗಳು ಮಲಗಿದ್ದಾಳೆ, ನಾನು ಹೊರಗೆ ನಿಂತು ಸಿಮೆಂಟಿನ ಲೆಕ್ಕ ಹಾಕುತ್ತಿದ್ದೇನೆ.

"ಈ ಪುಡಿ ದಿನಾ ಬೀಳುತ್ತಾ ತಾಯಿ?" ಎಂದು ಅವಳನ್ನೇ ಕೇಳಿದೆ.

ಅವಳು ಅತ್ತೆಯ ಮುಖ ನೋಡಿದಳು. "ಮೊದಲ ಯಾವಾಗರೆ ಬೀಳ್ತಿತ್ರಿ. ಈಗ ಮ್ಯಾಲ ಬಚ್ಚಲಾ ಬಳಸಿದಾಗೆಲ್ಲಾ ಬೀಳ್ತದ. ಸಪ್ಪಳಾನೂ ಆಗ್ತದ."

"ನನಗ ಯಾಕ ಹೇಳ್ಲಿಲ್ಲ ನೀ?" ಎಂದರು ಅತ್ತೆ. "ಹುಳಾ ಹಿಡದ ಪುಡಿ ಅಂತ ಬಳಿಕೋತ ಕೂತೆ ನಾನು!"

"ಹೇಳಿದ್ರ ಕೆಲಸಾ ಹಚ್ತಿದ್ರಿ. ಕೆಲಸಾ ಹಚ್ಚಿದ ಮ್ಯಾಲ ಏನರೆ ಆಗಿದ್ರ, ಇಕಿ ಮಾತು ಕೇಳಿ ಆತು ಅಂತ ನನ್ನ ಮ್ಯಾಲೇ ಬರ್ತಿತ್ತು," ಎಂದಳು. ಅಷ್ಟು ಮೆಲ್ಲಗೆ ಹೇಳಿದಳು, ಅಷ್ಟು ಖಚಿತವಾಗಿ ಹೇಳಿದಳು.

ಮೊದಲು ಅವಳನ್ನು ಹಿತ್ತಲ ಮಾವಿನ ಮರದ ಕೆಳಗೆ ಕೂರಿಸಿದೆವು. ಮೇಲೆ ಯಾರೂ ಕಾಲಿಡಬಾರದು ಎಂದೆ. ಮುಂದಿನ ಪಡಸಾಲೆಗೆ ಮಂಚ ಸರಿಸಿದರೆ ಸಾಕಲ್ಲ ಎಂದು ಯಜಮಾನರು ಕೇಳಿದರು. ತೊಲೆ ಒಂದೇ, ಒಂದು ತುದಿ ಬಿಟ್ಟರೆ ಪಡಸಾಲೆಯೂ ಉಳಿಯುವುದಿಲ್ಲ ಎಂದು ವಿವರಿಸಿದೆ. ಬಾಡಿಗೆಗೆ ಬೇರೆ ಮನೆ ನೋಡಿ ಎನ್ನಲು ಅವಳನ್ನು ಗಾಡಿಯಲ್ಲಿ ಕೂರಿಸುವಂತಿಲ್ಲ, ನೆರೆಯವರ ಮನೆಗೆ ಕಳಿಸಿದರೆ ಗುಟ್ಟು ಬೀದಿಗೆ ಬೀಳುತ್ತದೆ ಎಂಬುದು ಅವರ ಭಯ.

ಸಾಹೇಬರ ಮಾತು ತಲೆಯಲ್ಲಿತ್ತು. ಕೆಲಸ ಶುರು, ಇಲ್ಲವೇ ಪರ್ಮಿಟ್ ವಾಪಸು. ಬಚ್ಚಲು ಒಡೆದು, ತೊಲೆ ಇಳಿಸಿ, ಎಲ್ಲ ಮುಗಿಸುವ ಹೊತ್ತಿಗೆ ಮಳೆ ಬಂದಿರುತ್ತದೆ. ಆ ಹುಡುಗಿ ಅಷ್ಟು ದಿನ ಆ ಸುತ್ತಿಗೆಯ ಸದ್ದು ಕೇಳುತ್ತ, ಇವತ್ತೇ ನಾಳೆಯೇ ಎಂದು ಹೆದರುತ್ತ ಕೂರಬೇಕು. ಅತ್ತೆಯ ನಂಬಿಕೆಯಲ್ಲಿ ನನಗೆ ನಂಬಿಕೆ ಇರಲಿಲ್ಲ. ಅವಳ ಹೆದರಿಕೆ ಮಾತ್ರ ನಿಜವಾಗಿತ್ತು. ಮಾಲು ಎತ್ತಿಟ್ಟರೂ ಮಳೆಗಾಲದ ತೇವಕ್ಕೆ ಚೀಲದಲ್ಲೇ ಕಲ್ಲಾಗುತ್ತದೆ. ಪರ್ಮಿಟ್ ಸತ್ತರೆ ಸಾಯಲಿ ಎಂದುಕೊಂಡೆ. ಇವತ್ತು ತೊಲೆಗೆ ಟೇಕು, ಅಂದರೆ ಕೆಳಗಿನಿಂದ ಆಸರೆಯ ಕಂಬ ಕೊಡುವುದು, ಹೆರಿಗೆಯಾಗುವವರೆಗೆ ಮಿಕ್ಕ ಕೆಲಸ ಮುಟ್ಟದಿರುವುದು. ಇದನ್ನು ಗಟ್ಟಿಯಾಗಿ ಹೇಳಿಬಿಟ್ಟೆ, ನನಗೇ ಆಶ್ಚರ್ಯವಾಗುವಂತೆ.

ವಿಜಾಪುರದವನು ಒಂದೂ ಪ್ರಶ್ನೆ ಕೇಳದೆ ಹೊರಟ. ಮಧ್ಯಾಹ್ನದ ಹೊತ್ತಿಗೆ ಕೈಗಾಡಿಯಲ್ಲಿ ದಪ್ಪ ಸಾಗವಾನಿ ಕಂಬಗಳು, ಕೆಳಗೆ ಹಾಸಲು ಹಲಗೆಗಳು, ಬೆಣೆಗಳು ಬಂದವು. ನೆಲದ ಮೇಲೆ ಹಲಗೆ ಹಾಸಿದೆವು, ಭಾರ ಒಂದೇ ಕಡೆ ಬೀಳದಿರಲೆಂದು. ಗೋಡೆಯಿಂದ ಈಚೆಗೆ, ತೊಲೆಯ ಗಟ್ಟಿ ಮರ ಶುರುವಾಗುವ ಕಡೆ ಗುರುತು ಹಾಕಿ, ಎರಡು ಕಂಬಗಳನ್ನು ಎತ್ತಿ ನಿಲ್ಲಿಸಿದೆವು. ಗರಗಸ ಮುಟ್ಟಲಿಲ್ಲ, ಮೊಳೆ ಮುಟ್ಟಲಿಲ್ಲ. ಕಂಬ ತೊಲೆಗೆ ತಗಲಿತು. ತಗಲಿದರೆ ಸಾಲದು, ಭಾರ ಹೊರಬೇಕು. ಅದಕ್ಕೆ ಕಂಬದ ಬುಡದಲ್ಲಿ ಎದುರುಬದುರು ಬೆಣೆ ಇಟ್ಟು ಮರದ ಕೊಡತಿಯಿಂದ ಹೊಡೆದು ಬಿಗಿ ಮಾಡಲೇಬೇಕು.

ಕೊಡತಿ ಎತ್ತಿದ ವಿಜಾಪುರದವನನ್ನು ಯಜಮಾನಿ ಬಾಗಿಲಿನಿಂದಲೇ ತಡೆದರು. "ಹೊಡೀಬ್ಯಾಡ್ರಿ."

"ಅವ್ವಾರ, ಇದು ಕಟ್ಟೂ ಕೆಲಸ ಅಲ್ರಿ, ಬರೇ ಆಧಾರ," ಎಂದ ಅವನು.

"ಹೊಡತಾ ಹೊಡತಾನ."

ನಾನು ಒಮ್ಮೆ ತೊಲೆ ನೋಡಿದೆ, ಒಮ್ಮೆ ಅವರ ಮುಖ ನೋಡಿದೆ. ಅಷ್ಟರಲ್ಲಿ ಹಿತ್ತಲಿನಿಂದ ಸೊಸೆ ಬಂದು ಒಳಗೆ ನಿಂತಳು. ಬರಬೇಡ ಎಂದರೂ ಕೇಳಲಿಲ್ಲ. ಗುತ್ತಿಗೆದಾರನ ಮುಂದೆ ಕೈ ಚಾಚಿ, "ಕೊಡ್ರಿ ಇಲ್ಲೆ. ನಾನ ಹೊಡೀತೀನಿ. ಆಮ್ಯಾಲ ಏನರೆ ಆದ್ರ ನಾನ ಮಾಡಕೊಂಡಿದ್ದು ಆಗ್ತದ, ಯಾರ ಮ್ಯಾಲೂ ಬರೂದಿಲ್ಲ" ಎಂದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

ಅತ್ತೆ ಬಾಗಿಲಿನಿಂದ ಒಳಗೆ ಬಂದು ಕೊಡತಿಯನ್ನು ತಾವೇ ಕಿತ್ತುಕೊಂಡರು. ಸೀರೆಯ ನೆರಿಗೆ ಎತ್ತಿ ಕಟ್ಟಿ, ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಎಲ್ಲಿ ಹೊಡೀಬೇಕು, ತೋರಸ್ರಿ. ಇಕಿನ್ನ ಹೊರಗ ಕರಕೊಂಡು ಹೋಗ್ರಿ ಯಾರರೆ. ಏನ ಬಂದ್ರೂ ನನ್ನ ಮ್ಯಾಲ ಬರ್ಲಿ."

ಮೊದಲ ಪೆಟ್ಟು ಜಾರಿತು. ಎರಡನೆಯದು ಸರಿಯಾಗಿ ಬಿತ್ತು. ವಿಜಾಪುರದವನು ಎದುರಿನ ಬೆಣೆ ಹಿಡಿದುಕೊಂಡು, "ಇನ್ನೊಂದು, ಅವ್ವಾರ. ಇನ್ನೊಂದು" ಎನ್ನುತ್ತಿದ್ದ. ನಾನು ಏಣಿಯ ಮೇಲೆ ನಿಂತು ತೊಲೆಗೂ ಕಂಬಕ್ಕೂ ನಡುವೆ ಕಾಗದ ತೂರಿಸಿ ನೋಡುತ್ತಿದ್ದೆ. ಕಾಗದ ತೂರದಂತಾದಾಗ ಸಾಕು ಎಂದೆ. ಎರಡನೇ ಕಂಬದ ಬೆಣೆಗಳನ್ನಾದರೂ ಬೇರೆಯವರು ಹೊಡೆಯಲಿ ಎಂದರೆ ಅವರು ಕೊಡತಿ ಬಿಡಲಿಲ್ಲ. ಎಲ್ಲವನ್ನೂ ಅವರೇ ಹೊಡೆದರು. ಮುಗಿದ ಮೇಲೆ ಮರೆಗೆ ಹೋಗಲೂ ಇಲ್ಲ, ಅಲ್ಲೇ ನೆಲದ ಮೇಲೆ ಕೂತು ಅತ್ತರು.

ಪರ್ಮಿಟ್ ಸತ್ತಿತು. ಸಾಹೇಬರು ನಾಲ್ಕು ಜನರ ಎದುರಿಗೇ ನನ್ನ ಬೆವರಿಳಿಸಿದರು, ಮುಂದೆ ಬಹಳ ದಿನ ನನ್ನ ಕೈಗೆ ಶೌಚಾಲಯಗಳ ನಕ್ಷೆ ಬಿಟ್ಟು ಬೇರೇನೂ ಬರಲಿಲ್ಲ. ಮಳೆಗಾಲದಲ್ಲಿ ಕಚೇರಿ ಬಿಟ್ಟ ಮೇಲೆ ಆಗಾಗ ಪಾರ್ಲೆಗೆ ಇಳಿದು ಬೆಣೆ ಸಡಿಲಾಗಿದೆಯೇ ನೋಡಿಬರುತ್ತಿದ್ದೆ. ಅವಳು ಮತ್ತೆ ಅದೇ ಕೋಣೆಯಲ್ಲಿ, ಕಂಬಗಳ ನಡುವೆ ಮಲಗುತ್ತಿದ್ದಳು. ಮೇಲಿನ ಬಚ್ಚಲು ಬಳಸುವುದನ್ನು ಬಿಟ್ಟಿದ್ದರು, ಪುಡಿ ಬೀಳುವುದು ನಿಂತಿತ್ತು. ಆದರೂ ಪ್ರತಿ ಸಲ ಆ ಮನೆಯ ಗೇಟು ತೆಗೆಯುವಾಗ ಒಳಗಿನಿಂದ ಅಳುವ ಸದ್ದು ಬರುತ್ತಿದೆಯೇ ಎಂದು ಕಿವಿಗೊಡುತ್ತಿದ್ದೆ. ಒಳಗೆ ಕೇಳಲು ಧೈರ್ಯ ಸಾಲುತ್ತಿರಲಿಲ್ಲ, ಯಜಮಾನಿಯ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಚಳಿ ಬಿದ್ದ ಮೇಲೆ ಒಂದು ದಿನ ಯಜಮಾನರು ಆಫೀಸಿಗೇ ಬಂದರು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಗಟ್ಟಿ, ನಾಳೆ ತೊಟ್ಟಿಲಿಗೆ ಹಾಕುತ್ತೇವೆ, ಬರಲೇಬೇಕು ಎಂದರು. ಹೋದೆ. ಹಿಂದಿನ ಕೋಣೆಯಲ್ಲಿ ಹೆಂಗಸರು ತುಂಬಿದ್ದರು. ಟೇಕಿನ ಕಂಬಗಳಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ತೊಲೆಯ ನಡುವಿನ ಹಳೆಯ ಕೊಂಡಿಗೆ ಹಗ್ಗ ಬಿಟ್ಟಿದ್ದರು, ತೊಟ್ಟಿಲು ಇನ್ನೂ ನೆಲದ ಮೇಲೇ ಇತ್ತು.

"ಕಟ್ಟಬಹುದೇನ್ರಿ?" ಎಂದರು ಯಜಮಾನಿ.

"ಧಾರಾಳವಾಗಿ. ಅಲ್ಲಿ ಮರ ಗಟ್ಟಿಯಿದೆ, ತುದಿಗೆ ಟೇಕಿದೆ. ಏನೂ ಆಗಲ್ಲ."

ಅವರು ಹಗ್ಗ ಹಿಡಿದು ಯೋಚಿಸಿದರು. "ಬಾಯಿಲೆ ಹೇಳೂದು ಬ್ಯಾಡ್ರಿ. ನೀವು ಒಮ್ಮೆ ಜೋತು ಬಿದ್ದು ತೋರಸ್ರಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. ನಾನು ಚಪ್ಪಲಿ ಹೊರಗೆ ಬಿಟ್ಟು, ಕೋಟು ಕಳಚಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಾಲು ಮಡಚಿ ಜೋತುಬಿದ್ದೆ. ತೊಲೆ ಮಿಸುಕಲಿಲ್ಲ. ಮೂಲೆಯಲ್ಲಿ ಸೊಸೆ ಕೂಸನ್ನು ಎದೆಗವಚಿಕೊಂಡು, ನಗುವನ್ನೂ ಅಳುವನ್ನೂ ತಡೆಯಲಾರದೆ ನನ್ನ ಕಡೆ ನೋಡುತ್ತಿದ್ದಳು. ಸಾಕೇ ಎಂದು ಕೇಳಿದೆ.

"ಇನ್ನೊಂದು ಸ್ವಲ್ಪ ಹೊತ್ತು ಇರ್ರಿ," ಎಂದರು ಯಜಮಾನಿ, ತೊಲೆಯಿಂದ ಕಣ್ಣು ಕೀಳದೆ.